ಎಡಗೈ ಸಾಕ್ಷಿ

ಆರೈಕೆ ಮನೆಯ ಬಿಲ್ಲಿನಲ್ಲಿ ಹೊಸದೊಂದು ಸಾಲು ಬಂದು ಕೂತಿತ್ತು. ಹೋದ ತಿಂಗಳವರೆಗೆ ಇದ್ದದ್ದು ಐದೇ ಸಾಲು: ಹಾಸಿಗೆ, ಸ್ನಾನ, ಔಷಧಿ, ಬಟ್ಟೆ ಒಗೆತ, ಎತ್ತಿ ಕೂರಿಸುವುದು. ಈಗ ಆರನೆಯದು, "ಊಟ ಮಾಡಿಸುವ ಸೇವೆ, ದಿನಕ್ಕೆ ಮೂರು ಬಾರಿ." ಅದರ ಎದುರಿದ್ದ ಅಂಕಿ ನೋಡಿ ಜಿಪ್ಪಕ್ಕನಿಗೆ ಮೊದಲು ಕನ್ನಡಕದ ಮೇಲೇ ಅನುಮಾನ ಬಂತು. ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡಳು. ಅಂಕಿ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಜಿಪ್ಪಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಆರಡಿ ಅಗಲದ ಅಂಗಡಿಯಲ್ಲಿ ಬ್ಯಾಗು ರಿಪೇರಿ ಮಾಡುತ್ತ ಇಪ್ಪತ್ತೆಂಟು ವರ್ಷ ಸವೆಸಿದವಳು ಅವಳು. ಅದರಲ್ಲಿ ಮುಕ್ಕಾಲು ಪಾಲು ಜಿಪ್ಪು ಬದಲಾಯಿಸುವ ಕೆಲಸ. ಹೀಗಾಗಿ ಲೋಕದ ಖರ್ಚನ್ನೆಲ್ಲ ಅವಳು ಜಿಪ್ಪಿನಲ್ಲೇ ಅಳೆಯುತ್ತಿದ್ದಳು. ಅಂಗಡಿ ಬಾಡಿಗೆ ತಿಂಗಳಿಗೆ ತೊಂಬತ್ತು ಜಿಪ್ಪು. ಹಲ್ಲು ಕೀಳಿಸಿದ್ದು ಹದಿನಾರು ಜಿಪ್ಪು. ಈ ಆರನೆಯ ಸಾಲು ನೂರಾ ಮೂವತ್ತೆಂಟು ಜಿಪ್ಪು. ಊರಿನ ಬ್ಯಾಗುಗಳೆಲ್ಲ ಒಟ್ಟಿಗೆ ಬಾಯಿ ಬಿಟ್ಟರೂ ಅಷ್ಟು ಹೆಚ್ಚಿನ ಕೆಲಸ ಹುಟ್ಟುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಆದರೂ ಅವಳ ಹೊಟ್ಟೆ ಉರಿದದ್ದು ಅಂಕಿಗಿಂತ ಹೆಚ್ಚಾಗಿ ಆ ಮಾತಿಗೆ. ಊಟ ಮಾಡಿಸುವ ಸೇವೆಯಂತೆ! ಯಾರಿಗೆ? ದೊರೆಗೆ?

ದೊರೆ ಅವಳ ತಮ್ಮ. ನಲವತ್ಮೂರು ವರ್ಷ. ಹುಟ್ಟುವಾಗ ಉಸಿರಿಗೆ ಏನೋ ತೊಡಕಾಗಿ, ಎರಡು ಕಾಲೂ ಬಲಗೈಯೂ ಹೇಳಿದ ಮಾತು ಕೇಳದೆ ಹೋದವು. ಬಾಯಿಂದ ಹೊರಡುತ್ತಿದ್ದದ್ದು ಮೂರೇ ಮಾತು: "ಅಕ್ಕ", "ಹೂಂ", "ಬೇಡ". ಕಿವಿಗೆ ಬಿದ್ದದ್ದು ಮಾತ್ರ ಎಲ್ಲವೂ ಅರ್ಥವಾಗುತ್ತಿತ್ತು, ಕೆಲವೊಮ್ಮೆ ಬೇಕಾದ್ದಕ್ಕಿಂತ ಜಾಸ್ತಿಯೇ. ಕೂತಲ್ಲೇ ಎಲ್ಲ ಸೇವೆ ಮಾಡಿಸಿಕೊಳ್ಳುತ್ತಾನೆಂದು ಅಮ್ಮ ತಮಾಷೆಗೆ ದೊರೆ ಅಂದಳು. ಅದೇ ಅಂಟಿಕೊಂಡಿತು. ನಿಜವಾದ ಹೆಸರು ಅರ್ಜಿಗಳಲ್ಲಿ ಮಾತ್ರ ಉಳಿಯಿತು.

ಆದರೆ ಅವನಿಗೆ ಎಡಗೈ ಇತ್ತು. ಆ ಎಡಗೈಯನ್ನು ಎಬ್ಬಿಸಿದವಳು ಜಿಪ್ಪಕ್ಕ. ಅವನಿಗೆ ಇಪ್ಪತ್ತು ತುಂಬಿದ ವರ್ಷ ಒಂದು ಚಮಚದ ಹಿಡಿಗೆ ಚರ್ಮದ ಪಟ್ಟಿ ಹೊಲಿದು, ಅಂಗೈಗೆ ಸಿಕ್ಕಿಸಿ, ಚಮಚದ ಕುತ್ತಿಗೆಯನ್ನು ಕೊಂಚ ಬಗ್ಗಿಸಿ, ತಟ್ಟೆಯಿಂದ ಬಾಯಿಗೆ ಹೋಗುವ ದಾರಿಯನ್ನು ಅವಳು ಅವನಿಗೆ ಕಲಿಸತೊಡಗಿದಳು. ಎರಡು ವರ್ಷ ಹಿಡಿಯಿತು. ಅನ್ನ ಕಿವಿಗೆ ಹೋಯಿತು, ಗೋಡೆಗೆ ಹೋಯಿತು, ಒಮ್ಮೆ ಫ್ಯಾನಿಗೂ ಹೋಯಿತು.

"ಯಾಕೆ ಅವನ ಪ್ರಾಣ ತಿಂತೀಯೇ? ನಾನು ತಿನ್ನಿಸ್ತಿಲ್ವಾ?" ಎಂದು ಅಮ್ಮ ಗೊಣಗುತ್ತಿದ್ದಳು.

"ನೀನು ಎಷ್ಟು ವರ್ಷ ಇರ್ತೀಯ?" ಎಂದು ಒಂದು ದಿನ ಜಿಪ್ಪಕ್ಕ ಮುಖಕ್ಕೆ ಹೊಡೆದ ಹಾಗೆ ಕೇಳಿಬಿಟ್ಟಳು. ಅಮ್ಮ ಎರಡು ದಿನ ಅವಳ ಹತ್ತಿರ ಮಾತು ಬಿಟ್ಟಳು. ಕೊನೆಗೊಂದು ಮಧ್ಯಾಹ್ನ ದೊರೆ ಒಂದು ಬಟ್ಟಲು ಅನ್ನವನ್ನು ಒಂದಗುಳೂ ಬೀಳಿಸದೆ ತಾನೇ ತಿಂದು, ಬರಿದಾದ ಬಟ್ಟಲನ್ನು ಚಮಚದಿಂದ ಟಣ್ ಟಣ್ ಎಂದು ಬಾರಿಸಿದ. ಅಮ್ಮ ಹಿತ್ತಿಲಿಗೆ ಹೋಗಿ ಬಹಳ ಹೊತ್ತು ಬಟ್ಟೆ ಒಗೆದಳು. ಅವತ್ತು ಒಗೆಯುವ ಬಟ್ಟೆಯೇ ಇರಲಿಲ್ಲ.

ಅಮ್ಮ ಹೋಗಿ ಆರು ವರ್ಷವಾಯಿತು. ನಾಲ್ಕು ವರ್ಷ ಜಿಪ್ಪಕ್ಕ ಒಬ್ಬಳೇ ಅವನನ್ನು ಎತ್ತಿ ಇಳಿಸಿ ಮಾಡಿದಳು. ಒಂದು ಬೆಳಿಗ್ಗೆ ಅವನನ್ನು ಮಂಚದಿಂದ ಎತ್ತಲು ಹೋಗಿ ಸೊಂಟದಲ್ಲಿ ಏನೋ ಚಟಕ್ಕೆಂದಿತು. ಇಬ್ಬರೂ ನೆಲದ ಮೇಲೆ ಬಿದ್ದುಕೊಂಡು, ಪಕ್ಕದ ಕೀಲಿ ಅಂಗಡಿಯವನು ಬರುವ ತನಕ ಸೂರು ನೋಡುತ್ತ ಇದ್ದರು. ಆಮೇಲೆ ಬೇರೆ ದಾರಿ ಇರಲಿಲ್ಲ. ಅಂಗಡಿಯಿಂದ ಹತ್ತು ನಿಮಿಷ ನಡೆದರೆ ಸಿಗುವ ಆರೈಕೆ ಮನೆಗೆ ಅವನನ್ನು ಸೇರಿಸಿದಳು. ಸೇರಿಸುವ ದಿನ ಆ ಚಮಚವನ್ನು ಕವರಿನಲ್ಲಿ ಸುತ್ತಿ ಕೊಟ್ಟು, "ಇದಿದ್ರೆ ಸಾಕು, ತಾನೇ ತಿಂತಾನೆ" ಎಂದು ಮೂರು ಜನಕ್ಕೆ ಮೂರು ಸಲ ಹೇಳಿದ್ದಳು.

ಖರ್ಚಿನ ದೊಡ್ಡ ಪಾಲು ಕಲ್ಯಾಣ ಇಲಾಖೆಯದು. ಹೆಚ್ಚುವರಿ ಸೇವೆಗಳದ್ದು ಮನೆಯವರ ಪಾಲು. ಎರಡು ತಿಂಗಳು ಮನೆಯವರ ಪಾಲು ನಿಂತರೆ ಇಲಾಖೆಯವರು ರೋಗಿಯನ್ನು ತಮ್ಮದೇ ದೊಡ್ಡ ಆಶ್ರಯಕ್ಕೆ ಸಾಗಿಸುತ್ತಾರೆ. ಅದು ಬಸ್ಸಿನಲ್ಲಿ ಆರು ಗಂಟೆಯ ದಾರಿ. ಆರು ಗಂಟೆ ಕೂರಲು ಜಿಪ್ಪಕ್ಕನ ಸೊಂಟ ಒಪ್ಪುವುದಿಲ್ಲ. ಅಂದರೆ ತಮ್ಮನನ್ನು ವರ್ಷಕ್ಕೊಮ್ಮೆ ನೋಡಿದರೆ ಪುಣ್ಯ.

ಅವಳು ಅಂಗಡಿಗೆ ಬೀಗ ಜಡಿದು ನೇರ ಆಫೀಸಿಗೆ ಹೋದಳು.

ಮ್ಯಾನೇಜರಮ್ಮ ಕೆಟ್ಟ ಹೆಂಗಸಲ್ಲ, ಅದೇ ತೊಂದರೆ. ಕೆಟ್ಟವಳಾಗಿದ್ದರೆ ಜಗಳ ಸಲೀಸಾಗಿ ಮುಗಿಯುತ್ತಿತ್ತು. ಅವಳು ಕುರ್ಚಿ ಕೊಟ್ಟಳು, ನೀರು ಕೊಟ್ಟಳು, ಫೈಲು ತೆಗೆದಳು.

"ಈ ತಿಂಗಳಿಂದ ಊಟ ಮಾಡಿಸೋದಕ್ಕೆ ಬೇರೆ ಚಾರ್ಜು. ಮೊದಲು ಹಾಸಿಗೆ ಬಾಡಿಗೆಯಲ್ಲೇ ಸೇರಿರ್ತಿತ್ತು. ಕಾಗದ ಕಳಿಸಿದ್ವಲ್ಲ."

"ಕಾಗದ ಬಂತು. ಅದು ತಿನ್ನೋಕೆ ಆಗದವರಿಗೆ. ನನ್ನ ತಮ್ಮ ತಾನೇ ತಿಂತಾನೆ."

ಮ್ಯಾನೇಜರಮ್ಮ ಹಾಳೆ ತಿರುವಿದಳು. "ಇಲ್ಲಿಗೆ ಬಂದ ಹೊಸದರಲ್ಲಿ ಒಂದಷ್ಟು ದಿನ ತಿಂದಿದಾರೆ. ಆಮೇಲೆ ಇಲ್ಲ. ಒಂದೂ ಮುಕ್ಕಾಲು ವರ್ಷದಿಂದ ಪ್ರತಿ ಊಟಕ್ಕೂ ಆಯಾ ಸಹಿ ಇದೆ, ನೋಡಿ."

"ಹಾಗಾದ್ರೆ ನಿಮ್ಮ ಆಯಾ ಸುಳ್ಳು ಸಹಿ ಹಾಕ್ತಿದಾಳೆ."

"ಹಾಗನ್ನಬೇಡಿ."

"ಮತ್ತೆ ಹೇಗನ್ನಲಿ? ನಾಳೆ ಊಟದ ಹೊತ್ತಿಗೆ ಬರ್ತೀನಿ, ನೀವೂ ಬನ್ನಿ, ನೋಡೇ ಬಿಡೋಣ."

ಊಟದ ಹೊತ್ತಿಗೆ ಮನೆಯವರಿಗೆ ಪ್ರವೇಶವಿಲ್ಲ ಎಂದು ಮ್ಯಾನೇಜರಮ್ಮ ಗೋಡೆಯ ಬೋರ್ಡು ತೋರಿಸಿದಳು. ಹಿಂದೊಮ್ಮೆ ಯಾರೋ ಮಗ ಪ್ರೀತಿ ಹೆಚ್ಚಾಗಿ ಮಲಗಿದ್ದ ತಾಯಿಗೆ ಹಾಗೇ ತಿನ್ನಿಸಿ, ಅನ್ನ ಗಂಟಲಿಗೆ ಸಿಕ್ಕಿ, ದೊಡ್ಡ ರಾದ್ಧಾಂತವಾಗಿತ್ತಂತೆ. ಭೇಟಿಯ ಸಮಯ ನಾಲ್ಕರಿಂದ ಐದು. ಬಿಲ್ಲು ಒಪ್ಪಿಗೆಯಿಲ್ಲದಿದ್ದರೆ ಇಲಾಖೆಗೆ ತಕರಾರು ಅರ್ಜಿ ಹಾಕಬಹುದು. ಅರ್ಜಿಯ ನಮೂನೆಯನ್ನೂ ಅವಳೇ ಡ್ರಾಯರಿನಿಂದ ತೆಗೆದು ಕೊಟ್ಟಳು. ಇಂಥವರ ಜೊತೆ ಜಗಳ ಆಡುವುದಾದರೂ ಹೇಗೆ?

ನಾಲ್ಕು ಗಂಟೆಗೆ ಜಿಪ್ಪಕ್ಕ ಏಳನೆಯ ರೂಮಿಗೆ ಹೋದಳು. ಒಂದು ಮಂಚ, ಗಾಲಿ ಕುರ್ಚಿ, ಅದರ ಪಕ್ಕ ಒಂದು ನೀಲಿ ಸ್ಟೂಲು, ಆಚೆ ಕಟ್ಟಡದ ಬೋಳು ಗೋಡೆಗೆ ತೆರೆದುಕೊಂಡ ಕಿಟಕಿ. ದಿನಾ ಕೂರುವಂತೆ ಅದೇ ಸ್ಟೂಲಿನ ಮೇಲೆ ಕೂತು ಚೀಲದಿಂದ ಬಾಳೆಹಣ್ಣು ತೆಗೆದಳು. ದೊರೆ ಎಡಗೈ ಚಾಚಿ ಈಸಿಕೊಂಡ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಸಿಪ್ಪೆ ಎಳೆದ, ಮೂರು ಸಲಕ್ಕೆ ಮುಗಿಸಿದ.

"ನಿಂಗೆ ಊಟ ಯಾರೋ ತಿನ್ನಿಸ್ತಾರಂತಲ್ಲೋ? ಹೌದೇನೋ?"

ದೊರೆ ಕಿಟಕಿಯ ಕಡೆ ನೋಡಿದ. ಆ ಕಿಟಕಿಯಲ್ಲಿ ನೋಡಲು ಏನೂ ಇರಲಿಲ್ಲ.

"ನೀನೇ ತಿಂತೀಯ ತಾನೆ?"

"ಅಕ್ಕ" ಎಂದ ಅವನು. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಜಿಪ್ಪಕ್ಕ ಹೌದು ಎಂದೇ ತಿಳಿದುಕೊಂಡಳು. ಬಾಳೆಹಣ್ಣು ಸುಲಿಯುವ ಕೈಗೆ ಚಮಚ ಭಾರವೇ? ಅವತ್ತೇ ಅರ್ಜಿ ತುಂಬಿ, ಕೊನೆಯಲ್ಲಿ ಜಾಗ ಉಳಿಯಿತೆಂದು "ಇದು ಹಗಲು ದರೋಡೆ" ಎಂದೂ ಸೇರಿಸಿ, ಅಂಚೆಗೆ ಹಾಕಿದಳು.

ಮೂರು ವಾರದ ನಂತರ ಒಂದು ಗುರುವಾರ ಮಧ್ಯಾಹ್ನ ಇಲಾಖೆಯ ಅಧಿಕಾರಿ ಬಂದ. ನೆಗಡಿ ಹಿಡಿದ, ಸಂಕೋಚದ ಮನುಷ್ಯ. ಒಂದು ಕೈಯಲ್ಲಿ ಪೆನ್ನು, ಒಂದು ಕೈಯಲ್ಲಿ ಕರವಸ್ತ್ರ. ಅರ್ಜಿದಾರಳೆಂದು ಜಿಪ್ಪಕ್ಕನಿಗೆ ಅವತ್ತೊಂದು ದಿನ ಊಟದ ಹೊತ್ತಿಗೆ ಬಾಗಿಲ ಬಳಿ ನಿಲ್ಲಲು ಅನುಮತಿ ಸಿಕ್ಕಿತು. ಅವಳು ಹೊಸದಾಗಿ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಸಾಕ್ಷಿ ಹೇಳಲು ಬಂದವಳ ಹಾಗೆ ಬೆನ್ನು ನೆಟ್ಟಗೆ ಮಾಡಿ ನಿಂತಳು.

ಊಟದ ಟ್ರೇ ಹಿಡಿದು ಬಂದವಳು ಆಯಾ. ಅಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ರೇಡಿಯೋ ಎಂದು. ಹೆಸರಿಗೆ ಮೋಸವಿರಲಿಲ್ಲ. ಸ್ಟೂಲು ಎಳೆದುಕೊಂಡು ಕೂರುವ ಮೊದಲೇ ಅವಳ ಬಾಯಿ ಶುರುವಾಗಿತ್ತು.

"ಏನಪ್ಪಾ ದೊರೆ, ಇವತ್ತು ದರ್ಬಾರು ಜೋರು! ನೋಡು, ನಿನ್ನ ಊಟ ನೋಡೋಕೆ ಎಷ್ಟು ಜನ. ಮೂರನೇ ರೂಮಿನ ಅಜ್ಜಿ ಕಥೆ ಬೆಳಿಗ್ಗೆ ಅರ್ಧಕ್ಕೇ ನಿಂತಿತ್ತಲ್ಲ? ಹಲ್ಲಿನ ಸೆಟ್ಟು ಸಿಕ್ತು. ಎಲ್ಲಿ ಹೇಳು? ಅವಳ ಚಪ್ಪಲಿ ಒಳಗೆ! ಆದ್ರೂ ಕಳ್ಳಿ ನಾನೇ ಅಂತೆ. ನಾನೇನು ಆ ಹಲ್ಲು ಹಾಕ್ಕೊಂಡು ಮದುವೆ ಆಗ್ತೀನಾ?"

ದೊರೆಯ ಮುಖ ಅರಳಿತು. ಮೂಗಿನಿಂದ ನಕ್ಕ.

"ಮೊದಲು ಅವರ ಕೈಗೇ ಚಮಚ ಕೊಡಿ" ಎಂದ ಅಧಿಕಾರಿ.

ರೇಡಿಯೋ ಪಟ್ಟಿಯ ಚಮಚವನ್ನು ದೊರೆಯ ಎಡಗೈಗೆ ಸಿಕ್ಕಿಸಿದಳು. ಕೈ ತೊಡೆಯ ಮೇಲೆ ಒದ್ದೆ ಟವೆಲ್ಲಿನ ಹಾಗೆ ಬಿದ್ದಿತ್ತು. ಒಂದು ನಿಮಿಷ. ಎರಡು ನಿಮಿಷ. ಅಧಿಕಾರಿ ಮೂಗು ಒರೆಸಿಕೊಂಡ.

"ದೊರೆ, ಎತ್ತೋ" ಎಂದಳು ಜಿಪ್ಪಕ್ಕ. "ಎತ್ತೋ, ನಾಟಕ ಮಾಡಬೇಡ."

ಅವನು ಅಕ್ಕನ ಕಡೆ ತಿರುಗಲೇ ಇಲ್ಲ. ರೇಡಿಯೋಳತ್ತ ಮುಖ ಮಾಡಿ, ಗೂಡಿನ ಮರಿಯ ಹಾಗೆ ಬಾಯಿ ತೆರೆದ. ರೇಡಿಯೋ ಅಧಿಕಾರಿಯನ್ನು ನೋಡಿದಳು, ಜಿಪ್ಪಕ್ಕನನ್ನು ನೋಡಿದಳು, ಮಾತಿಲ್ಲದೆ ಒಂದು ತುತ್ತು ಇಟ್ಟಳು. ಮಾತಿಲ್ಲದೆಯೇ ಊಟ ಮುಗಿಯಿತು, ಹೆಚ್ಚೂಕಮ್ಮಿ ಅರ್ಧ ಗಂಟೆ. ಎರಡು ವರ್ಷದ ದುಡಿಮೆ ಹೀಗೆ ಎಲ್ಲರೆದುರು ತೊಡೆಯ ಮೇಲೆ ಸತ್ತುಬಿದ್ದಿದ್ದು ಅವಳಿಗೆ ತಡೆದುಕೊಳ್ಳಲು ಆಗಲಿಲ್ಲ.

"ನಿಯಮದ ಪ್ರಕಾರ ಎರಡು ಸಲ ನೋಡಬೇಕು. ಮುಂದಿನ ಗುರುವಾರ ಬರ್ತೀನಿ. ಆವತ್ತೂ ಹೀಗೇ ಆದ್ರೆ ಬಿಲ್ಲು ಸರಿ ಅಂತ ಬರೀಬೇಕಾಗುತ್ತೆ ಅಮ್ಮಾ" ಎಂದು ಅಧಿಕಾರಿ ತಪ್ಪು ತನ್ನದೇ ಎಂಬಂತೆ ಹೇಳಿ ಹೊರಟ.

ಕಾರಿಡಾರಿನಲ್ಲಿ ರೇಡಿಯೋ ಹಿಂದೆ ಬಂದಳು. "ಅಕ್ಕಾ, ಒಂದು ಮಾತು ಹೇಳಬೇಕು..."

"ನಿನ್ನ ಮಾತೇನು ಕೇಳೋದು? ನಿನ್ನ ಸಹಿ ನೋಡಿದೀನಿ. ಆ ಕೈ ಎಬ್ಬಿಸೋಕೆ ನನಗೆ ಎರಡು ವರ್ಷ ಬೇಕಾಯ್ತು. ಮುದ್ದು ಮಾಡಿ ಮಾಡಿ ಮಲಗಿಸಿಬಿಟ್ಟೆಯಲ್ಲೇ ಪುಣ್ಯಾತಗಿತ್ತಿ! ನಿನ್ನ ಕೆಲಸ ಉಳಿಯಲಿ ಅಂತ ನನ್ನ ತಮ್ಮ ಕೈಲಾಗದವನಾಗಿ ಇರಬೇಕಾ?"

ರೇಡಿಯೋ ಖಾಲಿ ಟ್ರೇ ಎದೆಗೊತ್ತಿಕೊಂಡು ಅಡುಗೆಮನೆಯ ಕಡೆ ಹೋದಳು. ಜಿಪ್ಪಕ್ಕನಿಗೆ ಆಗ ಒಳ್ಳೆ ಮಾತಾಡಿದೆ ಅನ್ನಿಸಿತು. ಸಿಟ್ಟು ಬಂದಾಗ ನಮ್ಮ ಮಾತು ನಮಗೇ ಎಷ್ಟು ಚಂದ ಕೇಳಿಸುತ್ತದೆ!

ಮರುದಿನ ನಾಲ್ಕು ಗಂಟೆಗೆ ಅವಳು ಬಾಳೆಹಣ್ಣು ತರಲಿಲ್ಲ. ಸ್ಟೂಲನ್ನು ಗಾಲಿ ಕುರ್ಚಿಗೆ ತಾಗುವ ಹಾಗೆ ಎಳೆದುಕೊಂಡು, ತಮ್ಮನಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಚಾರ್ಜು ಎಷ್ಟು, ತನ್ನ ಕೈಲಿ ಎಷ್ಟು, ದುಡ್ಡು ನಿಂತರೆ ಅವನನ್ನು ಎಲ್ಲಿಗೆ ಒಯ್ಯುತ್ತಾರೆ, ಅದು ಎಷ್ಟು ದೂರ.

"ಅಲ್ಲಿ ನಾಲ್ಕು ಗಂಟೆಗೆ ಯಾರು ಬರ್ತಾರೋ ನಿನ್ನ ನೋಡೋಕೆ? ನಾನಂತೂ ಬರೋಕಾಗಲ್ಲ. ಸತ್ತರೂ ಬರೋಕಾಗಲ್ಲ. ತಿಳೀತಾ?"

ದೊರೆ ಕಣ್ಣು ಮುಚ್ಚಿಕೊಂಡ. ಮುಚ್ಚಿದ ಕಣ್ಣಿನಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. ಜಿಪ್ಪಕ್ಕ ಒರೆಸಲಿಲ್ಲ. ಒರೆಸಿದರೆ ತಾನೂ ಕರಗುತ್ತೇನೆಂದು ಹೆದರಿದಳು.

"ಅದೊಂದು ದಿನ ಕೈ ಎತ್ತು. ನನಗೋಸ್ಕರ."

ಅವನು "ಬೇಡ" ಎಂದ. ಆಮೇಲೆ ಅವಳ ಮುಖ ನೋಡಿದ. ಆ ಮುಖದಲ್ಲಿ ಏನು ಕಂಡಿತೋ, "ಹೂಂ" ಎಂದ.

ಗುರುವಾರ ಅಧಿಕಾರಿ ಅದೇ ನೆಗಡಿಯೊಂದಿಗೆ ಬಂದ. ರೇಡಿಯೋ ಚಮಚ ಸಿಕ್ಕಿಸಿ ಸ್ಟೂಲಿನ ಮೇಲೆ ಕೂತಳು. ಕಥೆ ಹೇಳಲಿಲ್ಲ. ದೊರೆ ಎಡಗೈ ಎತ್ತಿದ. ಮೊದಲ ತುತ್ತಿಗೆ ಕೈ ನಡುಗಿತು, ಎರಡನೆಯದಕ್ಕೆ ಕಡಿಮೆಯಾಯಿತು, ಮೂರನೆಯದರಿಂದ ಮೆಷಿನ್ನಿನ ಸೂಜಿಯ ಹಾಗೆ ಒಂದೇ ಸಮನೆ ಮೇಲೆ ಕೆಳಗೆ ಆಡತೊಡಗಿತು. ಅನ್ನ, ಬೇಯಿಸಿದ ತರಕಾರಿ, ಕೊನೆಗೆ ತಟ್ಟೆಯ ಅಂಚಿಗೆ ಅಂಟಿದ್ದು ಕೂಡ. ಇಪ್ಪತ್ತು ವರ್ಷ ಹಿಂದಿನ ಹಾಗೆ ತಟ್ಟೆ ಬಾರಿಸುತ್ತಾನೆಂದು ಜಿಪ್ಪಕ್ಕ ಕಾದಳು. ಅವನು ಚಮಚವನ್ನು ತಟ್ಟೆಯ ಪಕ್ಕಕ್ಕೆ ಸದ್ದಾಗದಂತೆ ಇಟ್ಟ.

"ಚೆನ್ನಾಗೇ ತಿಂತಾರಲ್ಲ!" ಎಂದು ಅಧಿಕಾರಿ ನಿಜವಾಗಿ ಸಂತೋಷಪಟ್ಟು ಬರೆದುಕೊಂಡ.

ಜಿಪ್ಪಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಮ್ಮನ ತಲೆ ನೇವರಿಸಿ, ಹಣೆಗೆ ಮುತ್ತಿಟ್ಟು, ಮ್ಯಾನೇಜರಮ್ಮನಿಗೆ "ನೋಡಿದ್ರಾ?" ಎಂದು ಕಣ್ಣಲ್ಲೇ ಕೇಳಿ, ದಾರಿಯುದ್ದಕ್ಕೂ ಯಾರು ಸಿಕ್ಕರೂ ಕಥೆ ಹೇಳುತ್ತ ಅಂಗಡಿಗೆ ಬಂದಳು. ಕೀಲಿ ಅಂಗಡಿಯವನಿಗೆ ಎರಡು ಸಲ ಹೇಳಿದಳು. ಹತ್ತು ದಿನದಲ್ಲಿ ಆದೇಶ ಬಂತು: ಆರನೆಯ ಸಾಲು ರದ್ದು. ಆ ಕಾಗದವನ್ನು ಅವಳು ಮೆಷಿನ್ನಿನ ಮೇಲಿನ ಗೋಡೆಗೆ, ಗಿರಾಕಿಗಳ ಕಣ್ಣಿಗೆ ಬೀಳುವ ಹಾಗೆ ಅಂಟಿಸಿದಳು.

ಗೆದ್ದವರಿಗೆ ಮನಸ್ಸು ದೊಡ್ಡದಾಗುವುದು ಸುಲಭ. ಆರೈಕೆ ಮನೆಯ ಗಾಲಿ ಕುರ್ಚಿಗಳ ಬೆಲ್ಟುಗಳು ಹಿಂಜಿಹೋಗಿದ್ದನ್ನು ಅವಳು ಎಷ್ಟೋ ದಿನದಿಂದ ನೋಡಿದ್ದಳು. "ಕೊಡಿ, ಹೊಲಿದುಕೊಡ್ತೀನಿ, ದುಡ್ಡು ಬೇಡ" ಎಂದು ಒಂಬತ್ತು ಬೆಲ್ಟು ಮನೆಗೆ ತಂದಳು. ನಾಲ್ಕು ಗಂಟೆಯ ಭೇಟಿಗಳು ಎಂದಿನಂತೆ ನಡೆದವು. ಏಳನೆಯ ರೂಮಿನಲ್ಲಿ ನೀಲಿ ಸ್ಟೂಲು ಕಾಣಲಿಲ್ಲ. ಬಲ್ಬು ಬದಲಿಸಲು ಯಾರೋ ಒಯ್ದಿರಬೇಕೆಂದುಕೊಂಡು ಮಂಚದ ಅಂಚಿಗೆ ಕೂತಳು. ದೊರೆ ಸ್ವಲ್ಪ ಮಂಕಾಗಿದ್ದ. ಸೆಕೆಗೆ ಇರಬೇಕು ಅಂದುಕೊಂಡಳು. ಕಾಣಬಾರದೆಂದು ತೀರ್ಮಾನಿಸಿದ ಕಣ್ಣಿಗೆ ಕಾರಣಗಳು ಎಷ್ಟು ಬೇಕಾದರೂ ಸಿಗುತ್ತವೆ.

ಬೆಲ್ಟುಗಳು ಮುಗಿದ ದಿನ, ಬಿಸಿಬಿಸಿಯಾಗಿ ಕೊಟ್ಟು ಬರೋಣವೆಂದು ಮಧ್ಯಾಹ್ನವೇ ಹೋದಳು. ಕಾವಲುಗಾರ ಬೆಲ್ಟಿನ ಗಂಟು ನೋಡಿ ಬಾಗಿಲು ಬಿಟ್ಟ. ಆಫೀಸಿನಲ್ಲಿ ಮ್ಯಾನೇಜರಮ್ಮ ಇರಲಿಲ್ಲ. ಕಾರಿಡಾರಿನಲ್ಲಿ ಊಟದ ವಾಸನೆ, ತಟ್ಟೆಗಳ ಸದ್ದು. ಏಳನೆಯ ರೂಮಿನ ಬಾಗಿಲು ಮುಚ್ಚಿತ್ತು. ಬಾಗಿಲಿಗೆ ಅಂಗೈಯಗಲದ ಗಾಜಿತ್ತು. ಅವಳು ಹಣೆ ಆನಿಸಿ ನೋಡಿದಳು.

ದೊರೆ ಊಟ ಮಾಡುತ್ತಿದ್ದ. ಎದುರಿಗೆ ಟ್ರೇ, ಟ್ರೇಯ ಎದುರಿಗೆ ಕಿಟಕಿ, ಕಿಟಕಿಯ ಎದುರಿಗೆ ಬೋಳು ಗೋಡೆ. ಕೈ ಏಳುತ್ತಿತ್ತು, ಇಳಿಯುತ್ತಿತ್ತು. ಆರು ನಿಮಿಷಕ್ಕೆಲ್ಲ ಮುಗಿಯಿತು. ಚಮಚವನ್ನು ಪಕ್ಕಕ್ಕಿಟ್ಟ. ಆಮೇಲೆ ಅವನು ಏನೂ ಮಾಡಲಿಲ್ಲ. ಮಾಡಲು ಅವನಿಗೆ ಏನಿತ್ತು? ಇದ್ದ ಜಾಗದಲ್ಲೇ ಕೂತು, ಸ್ಟೂಲು ಇರುತ್ತಿದ್ದ ನೆಲವನ್ನು ನೋಡಿದ. ಜಿಪ್ಪಕ್ಕ ಗೋಡೆ ಗಡಿಯಾರ ನೋಡಿದಳು. ಹನ್ನೆರಡೂ ನಲವತ್ತು. ನಾಲ್ಕು ಗಂಟೆಗೆ ಇನ್ನೂ ಮೂರು ಗಂಟೆ ಇಪ್ಪತ್ತು ನಿಮಿಷ ಇತ್ತು.

"ಆ ಸ್ಟೂಲು ತಿನ್ನಿಸಬೇಕಾದೋರ ರೂಮಿಗೆ ಮಾತ್ರ" ಎಂದಿತು ಹಿಂದಿನಿಂದ ಒಂದು ದನಿ. ರೇಡಿಯೋ ನಾಲ್ಕು ಟ್ರೇ ಪೇರಿಸಿಕೊಂಡು ನಿಂತಿದ್ದಳು. ದನಿ ಅವಳದೇ, ಆದರೆ ಯಾರೋ ಗುಂಡಿ ತಿರುಗಿಸಿ ಸಣ್ಣದು ಮಾಡಿದ ಹಾಗಿತ್ತು. "ಬೇರೆ ರೂಮಲ್ಲಿ ನಾವು ಕೂರೋ ಹಾಗಿಲ್ಲ. ಟ್ರೇ ಇಟ್ಟು ಹೋಗ್ತಾ ಇರಬೇಕು. ಮೂವತ್ತೊಂದು ಜನಕ್ಕೆ ಇಬ್ಬರೇ ಅಲ್ವಾ ನಾವು."

ಜಿಪ್ಪಕ್ಕ ಬೆಲ್ಟಿನ ಗಂಟನ್ನು ನೆಲಕ್ಕಿಟ್ಟಳು.

"ಬಂದ ಹೊಸದರಲ್ಲಿ ತಾನೇ ತಿಂತಿದ್ದ ಅಕ್ಕಾ. ನಾನು ಟ್ರೇ ಇಟ್ಟು ಹೋಗ್ತಿದ್ದೆ. ಒಂದು ದಿನ ಅವನಿಗೆ ಜ್ವರ, ತಿನ್ನಿಸೋಕೆ ಕೂತೆ. ಸುಮ್ನೆ ಕೂರೋಕೆ ನನಗೆ ಬರಲ್ಲ, ಮೂರನೇ ರೂಮಿನ ಅಜ್ಜಿ ಕಥೆ ಹೇಳಿದೆ. ಹೊಟ್ಟೆ ಹಿಡ್ಕೊಂಡು ನಕ್ಕ. ಜ್ವರ ಬಿಡ್ತು, ಕೈ ಏಳಲೇ ಇಲ್ಲ. ನನಗೆ ಮೊದಲ ದಿನವೇ ಗೊತ್ತಾಯ್ತು. ದುಡ್ಡಿನ ವಿಷಯ ಅಲ್ವಲ್ಲ ಆಗ, ಇರಲಿ ಬಿಡು ಅಂತ ನಾನೂ ಸಹಿ ಹಾಕ್ತಾ ಹೋದೆ. ಅವತ್ತು ಅದನ್ನೇ ಹೇಳೋಕೆ ಬಂದಿದ್ದು."

"ನಾನು ಬಿಡಲಿಲ್ಲ" ಎಂದಳು ಜಿಪ್ಪಕ್ಕ.

"ಹೋಗಲಿ ಬಿಡಿ. ಅಜ್ಜಿ ಹೋದ ಸೋಮವಾರ ತೀರ್ಕೊಂಡಳು. ಅವನಿಗೆ ಅದೂ ಹೇಳೋಕಾಗಿಲ್ಲ." ರೇಡಿಯೋ ಟ್ರೇಗಳನ್ನು ಎತ್ತಿಕೊಂಡು ಹೋದಳು.

ಜಿಪ್ಪಕ್ಕ ಬಾಗಿಲು ತಳ್ಳಿದಳು. ದೊರೆ ತಿರುಗಿ ನೋಡಿದ. ನಾಲ್ಕು ಗಂಟೆಯ ಅಕ್ಕ ಊಟದ ಹೊತ್ತಿಗೆ ಬಂದಿದ್ದು ಅವನಿಗೆ ನಂಬಲಾಗಲಿಲ್ಲ. ಮರುಕ್ಷಣ ಅವನ ಎಡಗೈ ಟ್ರೇಯಿಂದ ಜಾರಿ ತೊಡೆಯ ಮೇಲೆ ಬಿತ್ತು, ಬಾಯಿ ತೆರೆಯಿತು. ತಟ್ಟೆಯಲ್ಲಿ ಒಂದಗುಳೂ ಇರಲಿಲ್ಲ.

ಅವಳು ಅಲ್ಲೇ ಕುಸಿದು ಅವನ ಕಾಲಿಗೆ ತಲೆಯಿಟ್ಟು ಅತ್ತಳು. ಅಮ್ಮ ಸತ್ತಾಗ ಹೀಗೆ ಅತ್ತಿರಲಿಲ್ಲ. ಆಗ ಅಳಲು ಪುರುಸೊತ್ತಿರಲಿಲ್ಲ. ಕೈಯೊಂದು ಕಲಿತರೆ ಜೀವ ನಡೆಯುತ್ತದೆ ಎಂದುಕೊಂಡಿದ್ದೆನಲ್ಲ, ಎಂಥ ದಡ್ಡಿ ನಾನು, ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಅಮ್ಮ ಅವತ್ತು ಯಾಕೆ ಹಿತ್ತಿಲಿಗೆ ಹೋಗಿ ಅತ್ತಳೆಂದು ಈಗ ಗೊತ್ತಾಯಿತು. ಸಂತೋಷಕ್ಕೆಂದು ಇಷ್ಟು ವರ್ಷ ತಿಳಿದಿದ್ದಳು. ಸಂತೋಷ ಸ್ವಲ್ಪವೇ ಇದ್ದಿರಬೇಕು.

ಮ್ಯಾನೇಜರಮ್ಮ ಬಂದ ಮೇಲೆ ಜಿಪ್ಪಕ್ಕ ಮುಖ ತೊಳೆದುಕೊಂಡು ಆಫೀಸಿಗೆ ಹೋದಳು. "ಮಧ್ಯಾಹ್ನ ನಾನೇ ಬಂದು ಕೂರ್ತೀನಿ" ಎಂದು ಕೇಳಿದಳು, ಬೋರ್ಡು ತೋರಿಸಲಾಯಿತು. "ಸುಮ್ನೆ ಒಂದು ಅರ್ಧ ಗಂಟೆ ಯಾರಾದ್ರೂ ಮಾತಾಡಿಸಿ" ಎಂದಳು. ಅಂಥ ಸೇವೆ ಪಟ್ಟಿಯಲ್ಲೇ ಇರಲಿಲ್ಲ.

"ಹಾಗಾದ್ರೆ ಮಧ್ಯಾಹ್ನದ ಊಟ ಮಾಡಿಸೋದು ವಾಪಸ್ ಹಾಕಿ. ಅದೊಂದೇ. ನಾನು ಕೊಡ್ತೀನಿ." ಒಂದು ಹೊತ್ತಿಗೆ ನಲವತ್ತಾರು ಜಿಪ್ಪು. ಭಾನುವಾರವೂ ಅಂಗಡಿ ತೆಗೆದು ಬೆನ್ನಿಗೊಂದು ಪಟ್ಟಿ ಕಟ್ಟಿಕೊಂಡರೆ ಹೇಗೋ ಆಗುತ್ತದೆ. ಮೂರು ಹೊತ್ತಿನದು ಅವಳ ಕೈಗೆ ಎಟುಕುವಂಥದ್ದಲ್ಲ.

ಮ್ಯಾನೇಜರಮ್ಮ ಅವಳನ್ನೇ ನೋಡಿದಳು. "ತಾನೇ ತಿಂತಾರೆ ಅಂತ ನೀವೇ ಇಲಾಖೆಯಿಂದ ಬರೆಸಿದೀರಿ. ಈಗ ಆಗಲ್ಲ ಅಂದ್ರೆ ಮತ್ತೆ ಅರ್ಜಿ ಹಾಕಬೇಕು. ಅಧಿಕಾರಿ ಮತ್ತೆ ಬಂದು ನೋಡಬೇಕು. ಎರಡು ಸಲ."

"ಬರಲಿ."

"ಅವರ ಮುಂದೆ ಇವರಿಗೆ ಕೈ ಎತ್ತೋಕೆ ಆಗಬಾರದು."

"ಆಗಲ್ಲ" ಎಂದಳು ಜಿಪ್ಪಕ್ಕ. "ಈಚೆಗೆ ಆಗ್ತಾ ಇಲ್ಲ."

ಮ್ಯಾನೇಜರಮ್ಮ ಇನ್ನೇನೂ ಕೇಳದೆ ಡ್ರಾಯರು ಎಳೆದು ನಮೂನೆ ಕೊಟ್ಟಳು. ಈ ಸಲ ಜಿಪ್ಪಕ್ಕ ಕೊನೆಯಲ್ಲಿ ಏನನ್ನೂ ಸೇರಿಸಲಿಲ್ಲ.

ಅಧಿಕಾರಿ ಬರುವ ಹಿಂದಿನ ದಿನ ನಾಲ್ಕು ಗಂಟೆಗೆ ಅವಳು ಮನೆಯಿಂದ ಒಂದು ಬಟ್ಟಲು ಅನ್ನ ತಂದಳು. ಬಾಗಿಲು ಮುಚ್ಚಿ, ಮಂಚದ ಅಂಚಿಗೆ ಕೂತು, ಪಟ್ಟಿಯ ಚಮಚವನ್ನು ಅವನ ಎಡಗೈಗೆ ಸಿಕ್ಕಿಸಿದಳು. ಕೈ ಅಭ್ಯಾಸಬಲದಿಂದ ಬಟ್ಟಲಿನ ಕಡೆ ಹೊರಟಿತು.

"ಬೇಡ" ಎಂದಳು ಅವಳು. ಆ ಮಾತು ಅಕ್ಕನ ಬಾಯಿಂದ ಬಂದದ್ದಕ್ಕೆ ದೊರೆ ಬೆರಗಾದ. "ನಾಳೆ ಅವರು ಬರ್ತಾರೆ. ಎಷ್ಟು ಹೊತ್ತಾದ್ರೂ ಎತ್ತಬಾರದು. ನಾನು ಬೈದರೂ ಎತ್ತಬಾರದು. ಮೊದಲನೇ ಸಲ ಮಾಡಿದೆಯಲ್ಲ, ಹಾಗೇ. ಆಮೇಲೆ ಮಧ್ಯಾಹ್ನ ರೇಡಿಯೋ ಬರ್ತಾಳೆ. ಸ್ಟೂಲೂ ಬರುತ್ತೆ."

ದೊರೆಯ ಮುಖದ ಮೇಲೆ ಅರ್ಥವಾಗುವುದು ನಿಧಾನವಾಗಿ ಬಂತು. ಮೊದಲು ಕಣ್ಣಿಗೆ, ಆಮೇಲೆ ಮೂಗಿಗೆ. ಮೂಗಿನಿಂದ ನಕ್ಕ. ಮೈಯೆಲ್ಲ ಕುಲುಕುವ ಹಾಗೆ ನಕ್ಕ.

"ನಗಬೇಡ ಕಣೋ, ಇಬ್ಬರೂ ಸಿಕ್ಕಿಬೀಳ್ತೀವಿ" ಎಂದು ಗದರಿ, ಅವಳು ಕಣ್ಣೊರೆಸಿಕೊಂಡಳು.

ಆಮೇಲೆ ಎರಡು ವರ್ಷ ಕೂತು ತಾನೇ ಎಬ್ಬಿಸಿದ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಬೆರಳು ಸಡಿಲಿಸಿ, ಅವನ ತೊಡೆಯ ಮೇಲೆ ಮಲಗಿಸಿದಳು. ಅದು ಅಲ್ಲೇ ಇತ್ತು. ಅವನು ಬಾಯಿ ತೆರೆದ. ಅವಳು ಒಂದು ತುತ್ತು ಇಟ್ಟಳು.